ಕರೆಯದೆ ಮಾತಾಡುವ ಪುಟಗಳು

ಬೆಳಗಿನ ಸ್ನಾನ ಮುಗಿಸಿ, ಮಡಿಪಂಚೆ ಉಟ್ಟು, ದೇವರ ಮನೆಯ ಮಣೆಯ ಮೇಲೆ ಕುಳಿತೊಡನೆ ಶೇಷಗಿರಿ ಜೋಯಿಸರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಹೆಂಡತಿಯನ್ನು ತಿಥಿ ಕೇಳುವುದು. ಸಂಕಲ್ಪಕ್ಕೆ ತಿಥಿ, ವಾರ, ನಕ್ಷತ್ರ ತಿಳಿದಿರಬೇಕು. ಜೋಯಿಸರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹುಡುಗನಾಗಿದ್ದಾಗ ತಂದೆ ಹೇಳುತ್ತಿದ್ದರು. ಮದುವೆಯಾದ ಮೇಲೆ ಭಾಗೀರಥಿ ಗೋಡೆಯ ಪಂಚಾಂಗ ನೋಡಿ, ಕೈಯಲ್ಲಿ ಸೌಟು ಹಿಡಿದೇ, ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದಳು.

ಈಗಲೂ ಅವಳೇ ಹೇಳುತ್ತಿದ್ದಳು. ಜೋಯಿಸರು ಮಣೆಯ ಪಕ್ಕದಲ್ಲಿದ್ದ ಪುಟ್ಟ ಕಂಪ್ಯೂಟರಿನ ಕೀಲಿ ಒತ್ತುವರು. ಅದು ಪಂಚಾಂಗದ ಪುಟ ತೆರೆದು, ಭಾಗೀರಥಿಯ ದನಿಯಲ್ಲಿ, ಅದೇ ಕೊಂಚ ಅವಸರದಲ್ಲಿ ಓದುವುದು: "ಶ್ರಾವಣ ಮಾಸ, ಶುಕ್ಲ ಪಕ್ಷ, ದ್ವಾದಶಿ, ಗುರುವಾರ, ಮೂಲಾ ನಕ್ಷತ್ರ." ಜೋಯಿಸರು ಕೈಯಲ್ಲಿ ಅಕ್ಷತೆ ಹಿಡಿದು "ಶುಭೇ ಶೋಭನೇ ಮುಹೂರ್ತೇ" ಎಂದು ಮುಂದುವರಿಸುವರು.

ಭಾಗೀರಥಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಜೋಯಿಸರು ಮೈಸೂರಿನಲ್ಲಿ ಕುರುಡರಿಗಾಗಿ ತಂತ್ರಾಂಶ ಮಾಡುವ ಒಂದು ಕೇಂದ್ರದ ಮುಖ್ಯಸ್ಥರು. ಕಂಪ್ಯೂಟರಿನ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಕನ್ನಡ ತಂತ್ರಾಂಶ ಅವರ ಜೀವಮಾನದ ಕೆಲಸ. ಅದಕ್ಕೆ 'ಒಡನುಡಿ' ಎಂದು ಹೆಸರು. ಮೊದಲು ಅದು ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಮಾತಾಡುತ್ತಿತ್ತು. ಅದಕ್ಕೊಂದು ಮನುಷ್ಯರ ದನಿ ಕೊಡಬೇಕೆಂದು ಹೊರಟಾಗ, ಕುರುಡು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಓದಿ ಅಭ್ಯಾಸವಿದ್ದ ಭಾಗೀರಥಿಯೇ ಕುಳಿತು ಸಾವಿರಾರು ವಾಕ್ಯ ಓದಿಕೊಟ್ಟಳು. ಅರ್ಥಕ್ಕಲ್ಲ, ಅಕ್ಷರದ ಜೋಡಣೆಗಾಗಿ ಕಟ್ಟಿದ ವಾಕ್ಯಗಳು ಅವು. "ಕಪ್ಪೆಯು ಛತ್ರಿಯ ಕೆಳಗೆ ಜ್ಞಾಪಿಸಿಕೊಂಡಿತು" ಎಂಬಂಥವು. ಓದುತ್ತ ಓದುತ್ತ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಓದಿದ್ದಳು. ಆ ವಾಕ್ಯಗಳಿಂದ ಯಂತ್ರ ಅವಳ ದನಿಯನ್ನು ಕಲಿತು, ಅವಳು ಎಂದೂ ಓದದಿದ್ದುದನ್ನೂ ಅವಳಂತೆಯೇ ಓದತೊಡಗಿತು.

ಆಗ ಬೇಡವೆಂದವರು ಒಬ್ಬರೇ, ಹನುಮಂತೇಗೌಡರು. ಅವರೂ ಕುರುಡರು; ಬ್ರೈಲ್ ಕಲಿಸುವವರು; ಕೇಂದ್ರದ ತಂತ್ರಾಂಶವನ್ನೆಲ್ಲ ಮೊದಲು ಬಳಸಿ ತಪ್ಪು ಹುಡುಕಿಕೊಡುವುದು ಅವರ ಕೆಲಸ.

"ಜೋಯಿಸ್ರೇ, ನಾನೇಳೋದು ಒಸಿ ಕೇಳಿ," ಎಂದಿದ್ದರು ಗೌಡರು. "ಯಂತ್ರ ಯಂತ್ರದಂಗೇ ಮಾತಾಡ್ಬೇಕು ಕಣ್ರೀ. ತಗಡು ಬಡಿದಂಗೇ ಇರ್ಲಿ. ಆಗ ಯಾವ್ದು ಮನ್ಸ, ಯಾವ್ದು ಮಿಸೀನು ಅಂತ ನಮ್ಮಂಥೋರಿಗೆ ತಿಳೀತದೆ. ಕಣ್ಣಿರೋರು ಮುಖ ನೋಡ್ಕತಾರೆ. ನಮಗೇನದೆ? ದನಿ ತಾನೆ?"

"ನಿಮಗೆ ತಗಡೇ ಸೇರೋದು ಗೌಡ್ರೇ. ಊಟಕ್ಕೂ ತಗಡೇ ಬಡಿಸೋಕೆ ಹೇಳ್ತೀನಿ," ಎಂದು ಜೋಯಿಸರು ನಕ್ಕು ಬಿಟ್ಟಿದ್ದರು.

ದನಿ ನಾಡಿನಲ್ಲೆಲ್ಲ ಹರಡಿತು. ಬೀದರಿನಿಂದ ಚಾಮರಾಜನಗರದವರೆಗೆ ಕುರುಡರೆಲ್ಲ ಅದನ್ನು 'ಅಕ್ಕ' ಎಂದು ಕರೆದರು. ಪರೀಕ್ಷೆಯ ಪುಸ್ತಕ ಓದುವವಳು ಅಕ್ಕ, ಬಸ್ಸಿನ ವೇಳೆ ಹೇಳುವವಳು ಅಕ್ಕ, ಮಗನ ಕಾಗದ ಓದುವವಳು ಅಕ್ಕ. ಭಾಗೀರಥಿ ಕಾಯಿಲೆ ಬಿದ್ದು ಹೋದ ಮೇಲೂ ಅಕ್ಕ ಓದುತ್ತಲೇ ಇದ್ದಳು. ಪ್ರತಿ ವರ್ಷ ಭಾದ್ರಪದ ಬಹುಳ ನವಮಿಯ ಬೆಳಿಗ್ಗೆ ಅವಳ ದನಿಯೇ "ಇಂದು ಅವಿಧವಾ ನವಮಿ" ಎಂದು ಗಂಡನಿಗೆ ತಿಳಿಸುತ್ತಿತ್ತು. ಗಂಡನಿಗಿಂತ ಮೊದಲು ಹೋದ ಮುತ್ತೈದೆಯರಿಗೆ ಶ್ರಾದ್ಧ ಮಾಡುವ ದಿನ ಅದು. ತನ್ನ ಶ್ರಾದ್ಧದ ತಿಥಿಯನ್ನು ತಾನೇ ಓದುವ ಆ ದನಿ ಕೇಳಿದಾಗ ಜೋಯಿಸರು ಸಂಕಲ್ಪದ ಮುಂದಿನ ಮಾತು ಮರೆಯುತ್ತಿದ್ದರು. ಆದರೂ ಆ ಒಂದು ವಾಕ್ಯಕ್ಕಾಗಿ ಅವರು ವರ್ಷವೆಲ್ಲ ಕಾಯುತ್ತಿದ್ದರೆಂದರೆ ಸುಳ್ಳಲ್ಲ.

ಜೊತೆಯಲ್ಲಿದ್ದವಳು ಮಗಳು ಮೇದಿನಿ. ಹತ್ತಿರದ ಶಾಲೆಯೊಂದರಲ್ಲಿ ಮೇಡಂ. ಅವಳಿಗೆ ಇದು ಸೇರುತ್ತಿರಲಿಲ್ಲ.

"ಕರೆಂಟು ಬಿಲ್ಲು, ಪಾಲಿಕೆಯವರ ಪ್ರಕಟಣೆ, ಎಲ್ಲಾ ಅಮ್ಮನ ಹತ್ರ ಓದಿಸ್ತೀರಲ್ಲ ಅಪ್ಪಾ," ಎನ್ನುತ್ತಿದ್ದಳು. "ಇಯರ್‌ಫೋನ್ ಕಿವಿಗೆ ಹಾಕ್ಕೊಂಡಾದ್ರೂ ಕೇಳಿ. ಒಳಗಿನಿಂದ ಅಮ್ಮ 'ಕೊನೆಯ ದಿನಾಂಕ' ಅಂದ್ರೆ ನನ್ನ ಕೈಲಿರೋ ಪಾತ್ರೆ ಬೀಳತ್ತೆ. ಅವಳ ದನಿ ಬೇಕಿದ್ರೆ ಹಳೇ ರೆಕಾರ್ಡು ಇದೆಯಲ್ಲ."

"ರೆಕಾರ್ಡು ಬೇರೆ, ಇದು ಬೇರೆ ಮೇದಿನಿ. ರೆಕಾರ್ಡಿನಲ್ಲಿ ಅವಳು ಅವತ್ತು ಹೇಳಿದ್ದನ್ನೇ ಹೇಳ್ತಾಳೆ. ಇದರಲ್ಲಿ ಇವತ್ತಿಂದು ಹೇಳ್ತಾಳೆ."

"ಇದ್ದಾಗ ಇಷ್ಟು ಹೊತ್ತು ಅವಳ ಮಾತು ಕೇಳಿದ್ರಾ ನೀವು?" ಎಂದು ಮಗಳು ಒಮ್ಮೆ ಕೇಳಿ, ಕೇಳಬಾರದಿತ್ತೆಂದು ಸುಮ್ಮನಾಗಿದ್ದಳು.

ಆ ಕಾಲಕ್ಕೆ ಅಂತರ್ಜಾಲದ ಪುಟಗಳು ಬರಿಯ ಓದುವ ಪುಟಗಳಾಗಿ ಉಳಿದಿರಲಿಲ್ಲ. ತೆರೆದ ಕ್ಷಣವೇ ತಾವಾಗಿ ಹಾಡುವುವು, ಕೂಗುವುವು, ಸಾಬೂನು ಮಾರುವುವು. ಕಣ್ಣಿದ್ದವರಿಗೆ ಅದೊಂದು ಕಿರಿಕಿರಿ; ಎಲ್ಲಿ ಚಿತ್ರ ಕುಣಿಯುತ್ತಿದೆಯೆಂದು ನೋಡಿ ನಿಲ್ಲಿಸಿಬಿಡುತ್ತಾರೆ. ಕುರುಡರಿಗೆ ಹಾಗಲ್ಲ. ಪುಟವನ್ನು ಓದಿ ಹೇಳುವ ದನಿಯೂ ಕಿವಿಗೇ ಬರಬೇಕು, ಕರೆಯದೆ ಬಂದ ಗದ್ದಲವೂ ಅದೇ ಕಿವಿಗೇ ಬರಬೇಕು. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಒಡನುಡಿ ಹೇಳುತ್ತಿರುತ್ತದೆ. ಆ ಮಾತನ್ನೇ ಗದ್ದಲ ನುಂಗಿಬಿಡುತ್ತದೆ. ತುಂಬಿದ ಸಂತೆಯಲ್ಲಿ ಒಬ್ಬರು ಕಿವಿಯಲ್ಲಿ ದಾರಿ ಹೇಳುತ್ತಿದ್ದರೆ ಹೇಗೋ ಹಾಗೆ.

ಇದಕ್ಕಾಗಿ ಜೋಯಿಸರ ಕೇಂದ್ರ 'ಅಗುಳಿ' ಎಂಬ ತಂತ್ರಾಂಶ ಮಾಡಿತು. ಅದು ಕಂಪ್ಯೂಟರಿನಿಂದ ಸದ್ದು ಹೊರಬೀಳುವ ಬಾಯಲ್ಲೇ ಕೂತಿರುತ್ತದೆ. ಎಲ್ಲ ಸದ್ದೂ ಬೆರೆತು ಒಂದೇ ಕೊಳವೆಯಲ್ಲಿ ಬರುವ ಜಾಗ ಅದು. ಯಾವುದು ಎಲ್ಲಿಂದ ಹೊರಟಿತೆಂದು ಅಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಅಗುಳಿ ಸದ್ದಿನ ಗುಣವನ್ನೇ ನೋಡುತ್ತದೆ. ಒಡನುಡಿಯ ದನಿಯಾದರೆ ಬಾಗಿಲು ತೆರೆ. ಬೇರೆ ಏನಾದರೂ ಆಗಲಿ, ಮನೆಯವರು ಕರೆಯುವ ತನಕ ಹೊರಗೇ ನಿಲ್ಲಿಸು. ಇಷ್ಟೇ ಅದಕ್ಕೆ ಹೇಳಿಕೊಟ್ಟಿದ್ದು. ಹೇಳಿಕೊಟ್ಟವರು ಜೋಯಿಸರೇ. ಭಾಗೀರಥಿಯ ದನಿಗೆ ಬಾಗಿಲು ಮುಚ್ಚಬಾರದು ಎಂಬ ನಿಯಮ ಬರೆದಾಗ ಅವರಿಗೆ ಅದು ನಿಯಮವೆಂದೇ ಅನ್ನಿಸಿರಲಿಲ್ಲ. ಅಷ್ಟು ಸಹಜವಾಗಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಗೌಡರು ಕೇಂದ್ರಕ್ಕೆ ನಗುತ್ತಲೇ ಬಂದರು.

"ಜೋಯಿಸ್ರೇ, ನಿಮ್ಮನೆಯೋರು ನಂಗೆ ತಲೆಗೂದ್ಲಿಗೆ ಎಣ್ಣೆ ಹಚ್ಕೋ ಅಂದ್ರು ಕಣ್ರೀ! ನನ್ ತಲೇಲಿ ಒಂದ್ ಕೂದ್ಲೂ ಇಲ್ಲ ಅಂತ ಆ ತಾಯಿಗೆ ಗೊತ್ತಿತ್ತಲ್ಲ. ಮರ್ತ್ ಬುಟ್ರಾ ಅಂತ?"

"ಏನು ಗೌಡ್ರೇ ಹಾಗಂದ್ರೆ?"

"ನೀರಿನ ಬಿಲ್ಲು ಓದಿಸ್ತಿದ್ದೆ. ಇಷ್ಟು ಲೀಟರು, ಇಷ್ಟು ಬಾಕಿ ಅಂತ ಓದ್ತಾ ಓದ್ತಾ, ಅದೇ ಉಸಿರಲ್ಲಿ, 'ಕೂದಲು ಉದುರುತ್ತಿದೆಯೇ?' ಅಂದ್ರು. ಬಿಲ್ಲಲ್ಲಿ ಯಾಕೆ ಕೂದ್ಲು ಬಂತು ಅಂತ ನಿಲ್ಸೋ ಕೀಲಿ ಒತ್ತಿದೆ. ನಿಂತೋಯ್ತು. ನಿಂತೋದ್ರೆ ಅದು ನಮ್ ಅಕ್ಕನೇ ತಾನೆ?"

ಜೋಯಿಸರ ನಗು ಅಲ್ಲಿಗೆ ನಿಂತಿತು. ಆ ಕೀಲಿ ಒತ್ತಿದರೆ ಒಡನುಡಿ ಮಾತ್ರ ಬಾಯಿ ಮುಚ್ಚುತ್ತದೆ. ಪುಟದ ಸ್ವಂತ ಸದ್ದು ಮುಚ್ಚುವುದಿಲ್ಲ. ಮಾತಾಡುತ್ತಿರುವುದು ತನ್ನ ಒಡನುಡಿಯೋ ಪುಟವೋ ಎಂದು ಅನುಮಾನ ಬಂದಾಗ ಕುರುಡರೆಲ್ಲ ಮಾಡುತ್ತಿದ್ದ ಪರೀಕ್ಷೆ ಅದೊಂದೇ.

ಫಿಲೋಮಿನಾಳನ್ನು ಕರೆದರು. ಕೇಂದ್ರದ ಎಂಜಿನಿಯರ್ ಹುಡುಗಿ, ಕಣ್ಣಿದ್ದವಳು, ಮಾತಿಗಿಂತ ಕೈ ಚುರುಕು. ಗೌಡರು ತೆರೆದಿದ್ದ ಪುಟವನ್ನು ಬಿಚ್ಚಿ ನೋಡಿ ಮಧ್ಯಾಹ್ನದ ಹೊತ್ತಿಗೆ ವಿಷಯ ಹೇಳಿದಳು.

"ಪುಟದಲ್ಲಿರೋ ಜಾಹೀರಾತಲ್ಲೇ ಒಂದು ಆಡಿಯೊ ಇದೆ ಸಾರ್. ತಾನಾಗೇ ಶುರುವಾಗತ್ತೆ. ದನಿ ಮೇಡಮ್ಮವರದೇ. ನಮ್ಮ ಒಡನುಡಿ ಎಲ್ಲರ ಹತ್ರ ಇದೆಯಲ್ಲ, ಅದರಿಂದಲೇ ಕದ್ದು ಮಾಡಿರೋದು. ಒಡನುಡಿ ಒಂದು ಸಾಲು ಮುಗಿಸೋದನ್ನೇ ಕಾಯ್ತಾ ಇದ್ದು ಮಧ್ಯೆ ತೂರತ್ತೆ. ನೀವು ನಿಲ್ಸೋ ಕೀಲಿ ಒತ್ತಿದ್ರೆ ಪುಟಕ್ಕೂ ಅದು ತಿಳಿಯತ್ತೆ, ಅದೂ ನಿಲ್ಲತ್ತೆ. ಬೇಕೂಂತಲೇ."

"ಅಗುಳಿ?"

"ಅಗುಳಿ ಬಾಗಿಲು ತೆಗೆದು ಒಳಗೆ ಕರೀತಿದೆ ಸಾರ್. ಮೇಡಮ್ಮವರ ದನಿ ಅಲ್ವಾ."

ಪೊಲೀಸರಿಗೆ ದೂರು ಕೊಡುವ ಮಾತು ಬಂತು. ಆ ಜಾಹೀರಾತಿನವರು ಯಾವ ದೇಶದಲ್ಲಿ ಕೂತಿದ್ದಾರೋ ತಿಳಿಯದು. ಕೊನೆಗೆ ಫಿಲೋಮಿನಾಳೇ ಹೇಳಿದಳು:

"ಎರಡೂ ಒಂದೇ ದನಿ ಆದ್ಮೇಲೆ ಬೇರೆ ಮಾಡೋಕೆ ಆಗಲ್ಲ. ಒಡನುಡಿ ದನೀನೇ ತೆಗೆದುಬಿಡೋಣ ಸಾರ್. ಒಬ್ಬೊಬ್ಬರಿಗೂ ಒಂದೊಂದು ದನಿ, ಅವರವರ ಯಂತ್ರದಲ್ಲೇ ಹುಟ್ಟಿ ಅಲ್ಲೇ ಇರೋ ಹಾಗೆ. ಹೊರಗಿನವರಿಗೆ ಗೊತ್ತೇ ಇಲ್ಲದ ದನೀನ ಹೇಗೆ ಕದೀತಾರೆ? ತಗಡಿನ ಹಾಗಿರತ್ತೆ, ಆದ್ರೆ ಮೋಸ ಇರಲ್ಲ. ಒಂದು ವಾರ ಕೊಡಿ."

"ಅಕ್ಕನ ದನಿ?" ಎಂದರು ಗೌಡರು.

"ಎಲ್ಲರಿಂದಲೂ ಅಳಿಸಬೇಕು ಸಾರ್. ಎಲ್ಲಿ ಉಳಿದ್ರೂ ಅಲ್ಲಿನ ಅಗುಳಿ ಅದಕ್ಕೆ ತೆರೆಯತ್ತೆ."

ಜೋಯಿಸರು ಬೆರಳಲ್ಲಿ ಮೇಜಿನ ಅಂಚನ್ನು ಸವರುತ್ತ ಕುಳಿತರು. ಅವರ ಮನಸ್ಸಿನಲ್ಲಿ ಆಗ ಎದ್ದದ್ದು ಕೇಂದ್ರದ ಲೆಕ್ಕಾಚಾರವಲ್ಲ. ನವಮಿ ಇನ್ನೂ ಬರಬೇಕಲ್ಲ ಎಂಬುದು.

"ಅವಸರ ಬೇಡಮ್ಮ," ಎಂದರು. "ಭಾದ್ರಪದ ಕಳೀಲಿ."

"ಅಂದ್ರೆ ಯಾವಾಗ ಸಾರ್?"

"ಸೆಪ್ಟೆಂಬರ್ ಕೊನೆ ಅಂತಿಟ್ಟುಕೋ."

"ಯಾಕೆ ಸಾರ್ ಅಲ್ಲೀತನಕ?"

"ಇಷ್ಟು ಜನಕ್ಕೆ ರೂಢಿಯಾದ ದನಿ. ಮೊದಲು ತಿಳಿಸಿ ಆಮೇಲೆ ತೆಗೀಬೇಕು. ಈ ಮಧ್ಯೆ ಅಗುಳಿಗೆ ಇನ್ನಷ್ಟು ಸೂಕ್ಷ್ಮವಾಗಿ ಕೇಳೋದು ಕಲಿಸಿ ನೋಡೋಣ. ಈಗಲೇ ಹೊರಗೆ ಹೇಳಿದ್ರೆ ಜನ ಗಾಬರಿಯಾಗ್ತಾರೆ. ಎಣ್ಣೆ, ಸಾಬೂನು ತಾನೆ?"

ಮಾತು ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಅದರಲ್ಲಿ ನಿಜವಿರಲಿಲ್ಲ. ಗೌಡರು ಏನೋ ಹೇಳಹೊರಟು, ಗೆಳೆಯನ ಉಸಿರಿನ ಸದ್ದು ಕೇಳಿ, ಬಿಟ್ಟರು.

ಅಗುಳಿಗೆ ಕಲಿಸುವ ಪ್ರಯತ್ನ ನಡೆಯಿತು. ಒಡನುಡಿ ಪ್ರತಿ ಸಾಲಿಗೆ ಮೊದಲು ಸಣ್ಣಗೆ ಒಂದು ಗಂಟೆ ಬಾರಿಸುವಂತೆ ಮಾಡಿದರು. ಮರುವಾರಕ್ಕೆ ಕಳ್ಳ ಪುಟಗಳೂ ಅದೇ ಗಂಟೆ ಬಾರಿಸಿದವು. ಗಂಟೆಯ ಬದಲು ಕೆಮ್ಮಿನಂಥ ಸದ್ದು ಇಟ್ಟರು; ಅವೂ ಕೆಮ್ಮಿದವು. "ಇನ್ ಸೀನೋದೊಂದು ಬಾಕಿ," ಎಂದರು ಗೌಡರು. ಯಾರೂ ನಗಲಿಲ್ಲ. ಫಿಲೋಮಿನಾ ಹೊಸ ದನಿಯನ್ನು ಸಿದ್ಧ ಮಾಡಿಟ್ಟು, ವಾರಕ್ಕೊಮ್ಮೆ ಜೋಯಿಸರ ಬಾಗಿಲಲ್ಲಿ ನಿಂತು "ಸಾರ್?" ಎನ್ನುವಳು. ಅವರು "ಇನ್ನೂ ಸ್ವಲ್ಪ ದಿನ" ಎನ್ನುವರು.

ಮನೆಯಲ್ಲಿ ಅವರು ಆ ದಿನಗಳಲ್ಲಿ ಕಂಪ್ಯೂಟರನ್ನು ಬಿಟ್ಟು ಏಳುತ್ತಿರಲಿಲ್ಲ. ಬೇಕಾದ್ದು ಬೇಡವಾದ್ದು ಎಲ್ಲ ಓದಿಸುವರು. ಒಂದು ಸಂಜೆ, ದೀಪ ಹಚ್ಚಿ ಬಂದ ಮೇದಿನಿ ಕೇಳಿದಳು:

"ಏನಪ್ಪಾ ಅದು, ಕೊಡಗಿನ ಮಳೆ ಲೆಕ್ಕ ಕೇಳ್ತಿದೀರಿ?"

"ಸುಮ್ಮನೆ."

"ಅಮ್ಮನ್ನ ಕಳಿಸಬೇಕಾಗಿದೆಯಾ?"

ಜೋಯಿಸರು ಬೆಚ್ಚಿದರು. "ನಿಂಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಆಸ್ಪತ್ರೇಲಿ ಕೊನೇ ವಾರ ನೀವು ಹೀಗೇ ಕೂತಿದ್ರಿ, ಅವಳ ಮಂಚದ ಪಕ್ಕ." ಸ್ವಲ್ಪ ತಡೆದು, "ಕಳಿಸಬೇಕಾಗಿದ್ರೆ ಕಳಿಸಿಬಿಡಿ ಅಪ್ಪಾ. ಎಳೀಬೇಡಿ," ಎಂದಳು.

"ನವಮಿ ಒಂದು ಆಗಲಿ."

ಮಗಳು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ನೀರು ಹೊಯ್ಯುವ ಸದ್ದು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

ನವಮಿ ಬಂತು. ಬೆಳಿಗ್ಗೆ ಕೀಲಿ ಒತ್ತಿದಾಗ ದನಿ ಎಂದಿನಂತೆ ಅವಸರದಲ್ಲೇ ಓದಿತು: "ಭಾದ್ರಪದ ಮಾಸ, ಕೃಷ್ಣ ಪಕ್ಷ, ನವಮಿ. ಇಂದು ಅವಿಧವಾ ನವಮಿ." ಜೋಯಿಸರು ಮತ್ತೆ ಒತ್ತಿ ಮತ್ತೆ ಕೇಳಿದರು. ಪುರೋಹಿತರು ಬಂದರು, ಶ್ರಾದ್ಧ ಕ್ರಮವಾಗಿ ನಡೆಯಿತು, ಒಬ್ಬ ಮುತ್ತೈದೆಗೆ ಊಟ ಬಡಿಸಿ, ಸೀರೆ, ಅರಿಶಿನ, ಬಳೆ ಕೊಟ್ಟರು. ಊಟವಾದ ಮೇಲೆ ಜೋಯಿಸರಿಗೆ ಬಹಳ ದಿನದಿಂದ ಇಲ್ಲದ ಒಂದು ಸಮಾಧಾನ ಬಂದಿತ್ತು. ನಾಳೆಯೇ ಫಿಲೋಮಿನಾಳಿಗೆ ಹೇಳಿಬಿಡಬೇಕು ಎಂದುಕೊಂಡು ಗೋಡೆಗೆ ಒರಗಿದ್ದರು.

ಆಗ ಗದಗಿನಿಂದ ಫೋನು ಬಂತು. ನೀಲವ್ವನ ತಮ್ಮನ ಹೆಂಡತಿ. ನೀಲವ್ವನನ್ನು ಜೋಯಿಸರು ಬಲ್ಲರು. ಕಣ್ಣಿಲ್ಲದ ಹೆಂಗಸು, ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತಿಯಾದವಳು, ಒಡನುಡಿಯನ್ನು ಆ ಕಡೆಯ ಎಷ್ಟೋ ಜನಕ್ಕೆ ಕಲಿಸಿಕೊಟ್ಟವಳು. ಸಕ್ಕರೆ ಕಾಯಿಲೆ. ಪಾದದ ಮೇಲೊಂದು ಗಾಯವಾಗಿತ್ತು. ಈಗ ಮೊಣಕಾಲ ಕೆಳಗೆ ಕಾಲು ತೆಗೆದಿದ್ದಾರೆ ಎಂದು ಆ ಹೆಂಗಸು ಅಳುತ್ತ ಹೇಳಿ, ಕೊನೆಗೆ, "ಅಕ್ಕ ಹೇಳಿದಂಗ ಮಾಡೇನಿ ಅಂತಾಳ್ರಿ. ನಿಮಗ ಒಂದ್ಸಲ ಕೇಳಬೇಕಂತ ಮಾಡಿದೆ," ಎಂದಳು.

ನೀಲವ್ವ ಆಸ್ಪತ್ರೆಯಿಂದ ಮನೆಗೆ ಬಂದಳೆಂದು ತಿಳಿದ ಮೇಲೆ ಜೋಯಿಸರೂ ಫಿಲೋಮಿನಾಳೂ ಗದಗಿಗೆ ಹೋದರು. ನೀಲವ್ವ ಕಿಟಕಿಯ ಬಳಿ ಮಂಚದ ಮೇಲೆ ಕೂತಿದ್ದಳು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಬರ್ರಿ ಜೋಯಿಸರ, ಕುಂಡ್ರಿ. ಎದ್ದು ನಿಂದ್ರಲಿಲ್ಲ ಅಂತ ಸಿಟ್ಟಾಗಬ್ಯಾಡ್ರಿ. ಒಂದ ಕಾಲು ಹೋತು, ಬಾಯಿ ಅಂತೂ ಐತಿ."

"ಹೇಗಾಯಿತು ನೀಲವ್ವ?"

"ಡಾಕ್ಟರು ಬರದ ಕಳಿಸಿದ ಪುಟ ತಗದೆ. ಅಕ್ಕ ಓದಾಕ ಹತ್ತಿದ್ಲು. ಗುಳಿಗಿ ತಪ್ಪಸಬ್ಯಾಡ್ರಿ, ಗಾಯ ದಿನಾ ತೊಳೀರಿ ಅಂದ್ಲು. ಅದರ ಬೆನ್ನಿಗೇ, ಗುಳಿಗಿ ಇನ್ನ ಸಾಕು, ಈ ಚೂರ್ಣ ಹೊಟ್ಟಿಗೆ ತೊಗೊಳ್ರಿ, ಗಾಯಕ್ಕೂ ಹಚ್ರಿ ಅಂದ್ಲು. ನಂಗೂ ಸಂಶೇ ಬಂತ್ರಿ. ಮಂದಿಗೆ ಕಲಿಸಾಕಿ ನಾನ ಅಲ್ಲೇನ್ರಿ? ಕೀಲಿ ಒತ್ತಿದೆ. ಗಪ್ಪಾದ್ಲು. ಗಪ್ಪಾದ್ರ ಅಕ್ಕನ ಅಂತ ತಿಳಕೊಂಡೆ."

"ಯಾವಾಗ ಇದು?"

"ಗಣೇಶ ಚೌತಿಗಿಂತ ಮೊದಲ್ರಿ. ಅಕ್ಕಗ ಏನೂ ಅನಬ್ಯಾಡ್ರಿ ನೀವು. ಆಕಿ ಯಾಕ ನನಗ ಕೆಟ್ಟದ್ದು ಬಯಸ್ಯಾಳು? ಯಾರೋ ಆಕಿ ಬಾಯಾಗ ಹಾಕ್ಯಾರ ಅಂತ ನಮ್ಮ ತಮ್ಮ ಹೇಳಿದ."

ಫಿಲೋಮಿನಾ ಜೋಯಿಸರ ಕಡೆ ನೋಡಿದಳು. ಚೌತಿಗಿಂತ ಮೊದಲು. ಆ ಹೊತ್ತಿಗೆ ಹೊಸ ದನಿ ಅವಳ ಮೇಜಿನ ಮೇಲೆ ಸಿದ್ಧವಾಗಿ ಕೂತಿತ್ತು.

ಜೋಯಿಸರು ಕೈಲಿದ್ದ ಚಾದ ಲೋಟವನ್ನು ಕೆಳಗಿಟ್ಟರು. "ನೀಲವ್ವ, ನಮಗೆ ಮೊದಲೇ ಗೊತ್ತಿತ್ತು," ಎಂದರು.

"ಏನ್ರಿ?"

"ಕಳ್ಳರು ಅವಳ ದನಿ ಹಾಕಿ ಮಾತಾಡಿಸ್ತಿದ್ದಾರೆ ಅಂತ. ಶ್ರಾವಣದಲ್ಲೇ ಗೊತ್ತಿತ್ತು."

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ ಸದ್ದು ಬರುತ್ತಿತ್ತು.

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರೆ ದನಿ ತೆಗೀಬೇಕಾಗ್ತಿತ್ತು. ನವಮಿ ಕಳೀಲಿ ಅಂತ ಕಾದೆ. ಅವಳ ಶ್ರಾದ್ಧ. ಆ ದಿನದ ತಿಥಿ ಅವಳೇ ಓದ್ತಾಳೆ. ಇನ್ನೊಂದು ಸಲ ಕೇಳಬೇಕು ಅಂತಿತ್ತು."

ಬೈದಿದ್ದರೆ ಒಳ್ಳೆಯದಿತ್ತು ಎಂದು ಜೋಯಿಸರಿಗೆ ಮುಂದೆ ಎಷ್ಟೋ ಸಲ ಅನ್ನಿಸಿದ್ದುಂಟು. ನೀಲವ್ವ ಬೈಯಲಿಲ್ಲ. "ಕೇಳಿದ್ರೇನ್ರಿ?" ಎಂದಳು.

"ಕೇಳಿದೆ."

"ಹೂಂ." ಅವಳು ಹೊದಿಕೆಯನ್ನು ಕಾಲಿಲ್ಲದ ಕಡೆಗೆ ಎಳೆದುಕೊಂಡಳು. "ಚಾ ಆರತೈತಿ. ಕುಡೀರಿ."

ಹಿಂದಿರುಗುವ ರೈಲಿನಲ್ಲಿ ಜೋಯಿಸರು ಮಾತಾಡಿದ್ದು ಒಂದೇ ಸಲ. "ನಾಳೆಯೇ ಬದಲಾಯಿಸು," ಎಂದರು.

ಫಿಲೋಮಿನಾ ಮೆಲ್ಲಗೆ ಹೇಳಿದಳು: "ಸಾರ್, ನಿಮ್ಮೊಬ್ಬರ ಕಂಪ್ಯೂಟರಲ್ಲಿ ಇರಲಿ ಬಿಡಿ. ನೀವು ಮೋಸ ಹೋಗಲ್ಲ. ನಿಮಗೆ ಗೊತ್ತಲ್ಲ."

ಜೋಯಿಸರು ಹಿಂದೆ ತಂದೆಯ ಶ್ರಾದ್ಧಕ್ಕಾಗಿ ಗಯೆಗೆ ಹೋಗಿದ್ದರು. ಅಲ್ಲಿ ಪಿಂಡ ಇಟ್ಟವರು ತಮಗೆ ಪ್ರಿಯವಾದ ಒಂದು ಹಣ್ಣನ್ನೂ ಒಂದು ತರಕಾರಿಯನ್ನೂ ಬಿಟ್ಟು ಬರುತ್ತಾರೆ. ಮತ್ತೆ ಅದನ್ನು ಮುಟ್ಟುವುದಿಲ್ಲ. ಪ್ರಿಯವಲ್ಲದ್ದನ್ನು ಬಿಟ್ಟರೆ ಬಿಟ್ಟ ಹಾಗಲ್ಲ. ಅವರು ಹಲಸಿನ ಹಣ್ಣು ಬಿಟ್ಟಿದ್ದರು. ಭಾಗೀರಥಿ ಜೊತೆಗೆ ನಿಂತು ತಾನೂ ಅದನ್ನೇ ಬಿಟ್ಟಿದ್ದಳು. ಆ ದಿನದ ನೆನಪು ಬಂತು.

"ಬೇಡಮ್ಮ," ಎಂದರು. "ನೀಲವ್ವನ ಮನೇಲಿ ಇಲ್ಲದ್ದು ನಮ್ಮನೇಲೂ ಬೇಡ."

ಮರುದಿನ ಮಧ್ಯಾಹ್ನ ಕೇಂದ್ರದಲ್ಲಿ ಮೊದಲು ಜೋಯಿಸರ ಕಂಪ್ಯೂಟರಿನಲ್ಲೇ ದನಿ ಬದಲಾಯಿಸಿ ನೋಡುವುದೆಂದು ಗೊತ್ತಾಯಿತು. ಅಲ್ಲಿ ಸರಿಯಾದರೆ ನಾಡಿಗೆಲ್ಲ ಹೋಗುತ್ತದೆ. ಗೌಡರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕೊನೆಯ ಸಲ ಅವಳಿಂದ ಏನು ಓದಿಸಬೇಕೆಂದು ಜೋಯಿಸರು ರೈಲಿನಲ್ಲೆಲ್ಲ ಯೋಚಿಸಿದ್ದರು. ವಿಷ್ಣುಸಹಸ್ರನಾಮದ ಕೊನೆಯ ಶ್ಲೋಕಗಳು ಎಂದುಕೊಂಡಿದ್ದರು. ಆದರೆ ಫಿಲೋಮಿನಾ ಹೊಸದನ್ನು ಜೋಡಿಸಿದೊಡನೆ ಒಡನುಡಿ ತನ್ನ ಕೆಲಸ ತಾನು ಮಾಡಿತು. ಸಾರು ಕುದಿಯಿತು, ಎಲೆ ಹಾಕಲೇ ಎಂದು ಕೇಳುವ ಅದೇ ದನಿಯಲ್ಲಿ ಓದಿತು:

"ಹೊಸ ದನಿ ಸಿದ್ಧವಾಗಿದೆ. ಬದಲಾಯಿಸಲು ಎಂಟರ್ ಒತ್ತಿ. ಬೇಡವಾದರೆ ಎಸ್ಕೇಪ್ ಒತ್ತಿ."

ಜೋಯಿಸರು ಕೈ ಮುಗಿದರು. ಆಮೇಲೆ ಒತ್ತಿದರು.

"ದನಿ ಬದಲಾಗಿದೆ," ಎಂದಿತು ಯಂತ್ರ. ಹೆಣ್ಣೂ ಅಲ್ಲ ಗಂಡೂ ಅಲ್ಲದ, ಒಣಗಿದ, ಏರಿಳಿತವಿಲ್ಲದ ದನಿ.

"ಆಯ್ತಾ?" ಎಂದರು ಗೌಡರು.

"ಆಯ್ತು."

ತಗಡಿನ ಮಾತು ಗೌಡರು ಎತ್ತಲಿಲ್ಲ. ಗೆಳೆಯನ ಭುಜ ಎಲ್ಲಿದೆಯೆಂದು ಹುಡುಕಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

ವಾರದೊಳಗೆ ನಾಡಿನ ಕಂಪ್ಯೂಟರುಗಳಿಂದೆಲ್ಲ ಅಕ್ಕ ಹೋದಳು. ಕೇಂದ್ರದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕಾರಣ ಹೇಳಿದರೆ ಜನ ಒಪ್ಪುತ್ತಿದ್ದರು. ಒಪ್ಪಿದ ಮೇಲೂ ಫೋನು ಇಡುತ್ತಿರಲಿಲ್ಲ. ಚಿಕ್ಕಂದಿನಿಂದ ಆ ದನಿಯಲ್ಲೇ ಓದಿ ಪಾಸಾದ ರಾಯಚೂರಿನ ಹುಡುಗಿಯೊಬ್ಬಳು, "ಹೋಗೂ ಮುಂಚೆ ನನ್ನ ಹೆಸರು ಒಂದ್ಸಲ ಕರಸಬೇಕಿತ್ರಿ," ಎಂದಳು. ಆದರೆ ಅಗುಳಿ ಈಗ ಬಿಗಿಯಾಯಿತು. ಕರೆಯದೆ ಮಾತಾಡುವ ಪುಟ ಯಾವ ದನಿ ತೊಟ್ಟು ಬಂದರೂ ಹೊರಗೇ ನಿಂತಿತು. ಮೋಸ ಹೋದವರ ಸುದ್ದಿ ಮತ್ತೆ ಬರಲಿಲ್ಲ. ಜೋಯಿಸರ ಬಾಳಿನ ಕೆಲಸ ಕೊನೆಗೂ ಭದ್ರವಾಗಿ ನೆಲೆಗೊಂಡಿತ್ತು.

ಬೆಳಗಿನ ತಿಥಿಯನ್ನು ಈಗ ಒಣದನಿ ಓದುತ್ತಿತ್ತು. ಸಂಕಲ್ಪಕ್ಕೆ ಅದರಿಂದ ಲೋಪವೇನೂ ಇಲ್ಲ. ಭಾಗೀರಥಿ ಓದಿಟ್ಟ ಕಪ್ಪೆ, ಛತ್ರಿಯ ವಾಕ್ಯಗಳು ಕಪಾಟಿನಲ್ಲಿದ್ದವು. ಒಂದು ಸಲ ಹಾಕಿ ಕೇಳಿದರು. ಅವಳು ಅಂದಿನದನ್ನೇ ಹೇಳಿದಳು.

ಮಾರ್ಗಶಿರದ ಒಂದು ಮಧ್ಯಾಹ್ನ, ಮೇದಿನಿ ಶಾಲೆಗೆ ಹೋದ ಮೇಲೆ, ಜೋಯಿಸರು ಕಂಪ್ಯೂಟರಿನ ಮುಂದೆ ಕುಳಿತು ಅಗುಳಿಯನ್ನು ತೆಗೆದರು. ಅದನ್ನು ಮಾಡಿದ ದಿನದಿಂದ ಒಮ್ಮೆಯೂ ತೆಗೆದವರಲ್ಲ. ಆಮೇಲೆ ಆ ಚೂರ್ಣದವರ ಪುಟವನ್ನು ಹುಡುಕಿ ತೆರೆದರು. ಕೇಂದ್ರದಲ್ಲಿ ಕಳ್ಳ ಪುಟಗಳನ್ನು ಹಿಡಿದಾಗ ಭಾಗೀರಥಿಯ ದನಿ ಹೆಚ್ಚಾಗಿ ಸಿಕ್ಕಿದ್ದು ಅದರಲ್ಲೇ. ಒಣದನಿ "ಪುಟ ತೆರೆದಿದೆ" ಎಂದಿತು. ಅದನ್ನು ಸುಮ್ಮನಾಗಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದರು. ನೀಲವ್ವನ ಕಾಲು ತಿಂದ ಚೂರ್ಣದ ಪುಟ ಅದು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ಅದು ತಾನಾಗಿ ಮಾತಾಡಲೆಂದು ಮೈಯೆಲ್ಲ ಕಿವಿಯಾಗಿ ಕುಳಿತಿದ್ದರು.

ಪುಟ ಮಾತಾಡಿತು. ಗಂಡಸಿನ ದನಿ. ದೊಡ್ಡ ಗಂಟಲು, ತುಂಬ ಉತ್ಸಾಹ. ಕಳ್ಳರಿಗೆ ಭಾಗೀರಥಿಯ ದನಿಯಿಂದ ಇನ್ನು ಏನೂ ಲಾಭವಿರಲಿಲ್ಲ. ಅವರೂ ಅದನ್ನು ಬಿಸಾಡಿದ್ದರು. ಜೋಯಿಸರು ನಿಲ್ಲಿಸಲಿಲ್ಲ. ಇವನ ನಂತರ ಬೇರೆ ಯಾರಾದರೂ ಬರಬಹುದೆಂದು ಕೊನೆಯವರೆಗೂ ಕೇಳಿದರು. ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು, ಅವನೇ.

ಶಾಲೆ ಬಿಟ್ಟು ಬಂದ ಮೇದಿನಿಗೆ ಬೀದಿಬಾಗಿಲಲ್ಲೇ ಆ ಕೂಗು ಕೇಳಿಸಿತು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಏನಪ್ಪಾ ಇದು, ಅಗುಳಿ ಕೆಟ್ಟಿತಾ?"

"ಇಲ್ಲ. ನಾನೇ ತೆಗೆದೆ."

ಅವಳು ಪರದೆಯ ಮೇಲಿದ್ದ ಚೂರ್ಣದ ಡಬ್ಬಿಯ ಚಿತ್ರ ನೋಡಿದಳು. ತಂದೆಯ ಮುಖ ನೋಡಿದಳು. ನಿಲ್ಲಿಸಲೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಚೀಲ ಕೆಳಗಿಟ್ಟು, ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಬಂದಳಾ ಅಪ್ಪಾ?"

"ಇಲ್ಲ," ಎಂದರು ಜೋಯಿಸರು.

ಗಂಡಸು ಮತ್ತೆ ಮೊದಲಿನಿಂದ ಶುರುಮಾಡಿದ. ಇಬ್ಬರೂ ಕೇಳುತ್ತ ಕುಳಿತರು.